ಸುಟ್ಟ ಡಯೋಡಿನ ಕಾರಣಶೋಧನೆ

ತಲೆಗೂದಲಿನ ದಪ್ಪವೆಷ್ಟು? ಅಡಿಕೋಲಿನಿಂದ ಅಳೆಯಲಸಾಧ್ಯವಾದ ಈ ಅಲ್ಪವಸ್ತುವನ್ನು ಒಂದು ಕೆಂಪು ಬೆಳಕಿನ ಕಿರಣದಿಂದ ಅಳೆದು ತೋರಿಸಬೇಕೆಂದು 2024ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ನಮ್ಮ ಶಾಲೆಯ ಇಬ್ಬರು ಬಾಲಿಕೆಯರು ಸಂಕಲ್ಪಿಸಿದರು. ಒಬ್ಬಳು ಹತ್ತನೆಯ ತರಗತಿಯವಳು. ಮತ್ತೊಬ್ಬಳು ಒಂಬತ್ತನೆಯ ತರಗತಿಯವಳು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆಗ ಎರಡು ವಾರಗಳಿದ್ದುವು.

ಅಳೆಯುವ ಕ್ರಮವು ಬಹು ಸರಳವಾದುದು. ಒಂದು ಎಳೆ ಕೂದಲನ್ನು ಲೇಸರ್ ಕಿರಣದ ದಾರಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ, ಬೆಳಕು ಕೂದಲಿನ ಎರಡು ಪಕ್ಕಗಳಿಂದಲೂ ಬಾಗಿ ಹೋಗಿ, ಎದುರಿನ ಗೋಡೆಯ ಮೇಲೆ ಒಂದು ಕೆಂಪು, ಒಂದು ಕಪ್ಪು, ಹೀಗೆ ಗೆರೆಗಳನ್ನು ಬರೆಯುತ್ತದೆ. ಕೂದಲು ತೆಳ್ಳಗಾದಷ್ಟೂ ಗೆರೆಗಳು ದೂರದೂರವಾಗುವುವು. ಬೆಳಕಿನ ಅಲೆಯ ಉದ್ದವನ್ನು ಗೋಡೆಯ ದೂರದಿಂದ ಗುಣಿಸಿ, ಎರಡು ಕಪ್ಪುಗೆರೆಗಳ ನಡುವಣ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪವು ದೊರೆಯುವುದು. ನಮ್ಮ ಕೆಂಪು ಬೆಳಕಿನ ಅಲೆಯುದ್ದ 650 ನ್ಯಾನೋಮೀಟರು. ಗೋಡೆಯು 2 ಮೀಟರು ದೂರ. ಗೆರೆಗಳ ಅಂತರ 2 ಸೆಂಟಿಮೀಟರು ಬಂದರೆ ಕೂದಲಿನ ದಪ್ಪ 65 ಮೈಕ್ರೋಮೀಟರು. ಅಂದರೆ ಒಂದು ಮಿಲಿಮೀಟರಿನ ಹದಿನೈದನೆಯ ಒಂದು ಪಾಲೆನ್ನಬಹುದು.

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಲೇಸರ್ ಕಡ್ಡಿಯಿಂದಲೇ ಈ ಕೆಲಸವು ನಡೆಯುತ್ತಿತ್ತು. ಆದರೆ ಹಿರಿಯಳಿಗೆ ಅದು ಒಪ್ಪಿಗೆಯಾಗಲಿಲ್ಲ. "ಕೊಂಡು ತಂದುದನ್ನು ಉರಿಸಿ ತೋರಿಸಿದರೆ ನಾವು ಮಾಡಿದ್ದೇನಾಯಿತು, ಟೀಚರ್?" ಎಂದು ಕೇಳಿದಳು. ನನಗೂ ಆ ಮಾತು ಹಿಡಿಸಿತು. ಅವರಿಬ್ಬರೂ ಕೈಖರ್ಚಿನ ಹಣವನ್ನು ಕೂಡಿಸಿ, 5 ಮಿಲಿವಾಟಿನ ಮೂರು ಬಿಡಿ ಡಯೋಡುಗಳನ್ನು ತರಿಸಿ, ಉಳಿದುದೆಲ್ಲವನ್ನೂ ತಾವೇ ಕಟ್ಟಿದರು. ಮೊದಲನೆಯದು ಎರಡು ದಿವಸ ಚೆನ್ನಾಗಿ ಉರಿಯಿತು. ಮೂರನೆಯ ದಿವಸ ಗೋಡೆಯ ಮೇಲೆ ಕೆಂಪೇನೋ ಇದ್ದಿತು, ಗೆರೆಗಳು ಮಾತ್ರ ಮಾಯವಾಗಿದ್ದುವು. ಸರಕೇ ಕೆಟ್ಟದ್ದೆಂದು ಅವರು ನಿಶ್ಚಯಿಸಿ, ನನಗೆ ಹೇಳದೆಯೇ ಎರಡನೆಯದನ್ನು ಜೋಡಿಸಿದರು. ಅದು ಕ್ಲಿಪ್ಪು ತಗಲಿದ ಕ್ಷಣದಲ್ಲಿ ಒಮ್ಮೆ ಫಕ್ಕನೆ ಬೆಳಗಿ, ಅದೇ ಮಂಕು ಕೆಂಪಿಗೆ ಇಳಿಯಿತು. ಆಮೇಲೆ ಅವರು ನನ್ನ ಬಳಿಗೆ ಬಂದರು. ಪ್ರದರ್ಶನಕ್ಕೆ ನಾಲ್ಕು ದಿನಗಳಿದ್ದುವು. ಉಳಿದಿದ್ದುದು ಒಂದೇ ಡಯೋಡು.

ಆ ದಿನ ನಡೆದುದೊಂದನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡಬೇಕು. ನಾನು ಮೇಜಿನ ಬಳಿಗೆ ಹೋಗುವಷ್ಟರಲ್ಲಿ ಕಿರಿಯಳು, ಒಳಗೆ ಏನಾದರೂ ಹೊಳೆಯುತ್ತಿದೆಯೋ ನೋಡೋಣವೆಂದು, ಕೊಳವೆಯ ಬಾಯಿಗೆ ಕಣ್ಣಿಡಲು ಬಾಗುತ್ತಿದ್ದಳು. ತರಗತಿಯಲ್ಲಿ ಎಂದೂ ಸ್ವರವೇರಿಸದ ನಾನು ಆಗ ಕೂಗಿಬಿಟ್ಟೆನು. ಕೆಟ್ಟ ದೀಪವನ್ನು ಬಗ್ಗಿ ನೋಡುವುದು ಸಹಜವೇ. ಆದರೆ ಲೇಸರಿನ ವಿಷಯದಲ್ಲಿ ಆ ಸಹಜಬುದ್ಧಿಯೇ ಶತ್ರು. ಆ ಕಿರಣವು ಹೆಚ್ಚು ಹರಡದೆ ಬರುವುದರಿಂದ ಕಣ್ಣಿನ ಮಸೂರವು ಅದನ್ನು ಅಕ್ಷಿಪಟದ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. 1 ಮಿಲಿವಾಟಿನೊಳಗಣ ಬೆಳಕಾದರೆ, ಕಾಲು ಸೆಕೆಂಡಿನಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವ ರೆಪ್ಪೆಯು ನಮ್ಮನ್ನು ಕಾಯುವುದೆಂದು ಲೆಕ್ಕ. ನಮ್ಮದು ಅದರ ಐದರಷ್ಟು. ಅಲ್ಲದೆ ಸಡಿಲವಾದ ಜೋಡಣೆಯು ಇದ್ದಕ್ಕಿದ್ದಂತೆ ಕೂಡಿಕೊಂಡರೆ, ಸತ್ತಿತೆಂದೆಣಿಸಿದ ಡಯೋಡು ಕಣ್ಣಿನ ಮುಂದೆಯೇ ಜೀವ ತಳೆಯಬಹುದು. ಹಳೆಯ ಡಿವಿಡಿ ಯಂತ್ರಗಳನ್ನು ಬಿಚ್ಚಿ ಡಯೋಡು ತೆಗೆಯುವವರಿಗೆ ಇನ್ನೂ ಒಂದು ಅಪಾಯವುಂಟು. ಅವುಗಳಲ್ಲಿ ಸಿಡಿಯನ್ನು ಓದುವುದಕ್ಕಾಗಿ 780 ನ್ಯಾನೋಮೀಟರಿನ ಮತ್ತೊಂದು ಬೆಳಕೂ ಇರುವುದು. ಅದು ಕಣ್ಣಿಗೆ ಕಾಣುವುದು ಅತ್ಯಲ್ಪ, ಸುಡುವುದು ಮಾತ್ರ ಪೂರ್ತಿ. ಬರೆಯುವ ಯಂತ್ರದಿಂದ ತೆಗೆದ ಡಯೋಡಂತೂ ನಮ್ಮದಕ್ಕಿಂತ ಎಷ್ಟೋ ಪಟ್ಟು ಬಲಶಾಲಿ. ಶಾಲೆಯ ಬಾಲಿಕೆಯರಿಗೆ ಅದು ತಕ್ಕುದಲ್ಲವೆಂದೇ ನನ್ನ ಅಭಿಪ್ರಾಯ. ಆದಕಾರಣ ಪರೀಕ್ಷೆಯೆಲ್ಲವನ್ನೂ ಗೋಡೆಯ ಕಡೆಗೆ ತಿರುಗಿಸಿ, ಬಿಳಿಯ ಕಾಗದದ ಮೇಲೆ ಬಿದ್ದ ಬೆಳಕನ್ನು ಮಾತ್ರ ನೋಡತಕ್ಕದ್ದು. ಹೊಳೆಯುವ ಬಳೆ, ಕೈಗಡಿಯಾರಗಳನ್ನು ತೆಗೆದಿಡತಕ್ಕದ್ದು.

ಇನ್ನು ಡಯೋಡಿನ ಸಂಗತಿ. ಇದು ಅಂಗಿಯ ಗುಂಡಿಗಿಂತಲೂ ಚಿಕ್ಕದಾದ, 5.6 ಮಿಲಿಮೀಟರು ವ್ಯಾಸದ ಲೋಹದ ಟೊಪ್ಪಿಗೆ. ಅಡಿಯಲ್ಲಿ ಮೂರು ಕಾಲುಗಳು. ಒಳಗಿರುವ ಹರಳು ರಾಗಿಯ ಕಾಳಿಗಿಂತಲೂ ಸಣ್ಣದು. ಹರಳಿನ ಎರಡು ತುದಿಗಳನ್ನು ಕನ್ನಡಿಯಂತೆ ನುಣುಪಾಗಿ ಸೀಳಿರುತ್ತಾರೆ. ಒಳಗೆ ಹುಟ್ಟಿದ ಬೆಳಕು ಈ ಎರಡು ಕನ್ನಡಿಗಳ ನಡುವೆ ಹೋಗಿಬರುತ್ತ, ದಾರಿಯಲ್ಲಿ ತನ್ನಂಥದೇ ಬೆಳಕನ್ನು ಎಬ್ಬಿಸುತ್ತ ಬೆಳೆಯುವುದು. ಬೆಳಕು ಬೆಳಕನ್ನು ಹೀಗೆ ಎಬ್ಬಿಸಬಲ್ಲದೆಂಬುದನ್ನು ಐನ್‌ಸ್ಟೈನನು 1917ರಲ್ಲಿಯೇ ಗಣಿತದಿಂದ ತೋರಿಸಿದ್ದನು. ಅಮೆರಿಕದ ಥಿಯೊಡರ್ ಮೇಮನ್ ಎಂಬವನು 1960ನೆಯ ಮೇ 16ರಂದು ಮಾಣಿಕ್ಯದ ಹರಳಿನಿಂದ ಮೊದಲನೆಯ ಲೇಸರನ್ನು ಬೆಳಗಿಸಿದನು. ಎರಡು ವರ್ಷಗಳ ತರುವಾಯ, 1962ರಲ್ಲಿ, ರಾಬರ್ಟ್ ಹಾಲ್ ಎಂಬವನು ಅದೇ ದೇಶದಲ್ಲಿ ಡಯೋಡಿನಿಂದಲೂ ಲೇಸರ್ ಬೆಳಕನ್ನು ಪಡೆದನು. ಆದರೆ ಅದನ್ನು ದ್ರವರೂಪದ ನೈಟ್ರೊಜನ್ನಿನಲ್ಲಿ ತಣಿಸಿ, ಕ್ಷಣಕ್ಷಣದ ಮಿನುಗುಗಳಾಗಿ ಮಾತ್ರ ನಡೆಸಬೇಕಾಗಿತ್ತು. ಕೋಣೆಯ ಸಾಧಾರಣ ಶಾಖದಲ್ಲಿ ಎಡೆಬಿಡದೆ ಉರಿಯುವ ಡಯೋಡು ಬಂದುದು 1970ರಲ್ಲಿ, ಲೆನಿನ್‌ಗ್ರಾಡಿನ ಆಲ್ಫೆರೋವನ ಸಂಗಡಿಗರಿಂದಲೂ ಅಮೆರಿಕದ ಬೆಲ್ ಪ್ರಯೋಗಶಾಲೆಯ ಹಯಾಶಿ, ಪ್ಯಾನಿಷ್ ಎಂಬವರಿಂದಲೂ. ಮೊದಮೊದಲಿನವು ಬಹು ಅಲ್ಪಾಯುಗಳಾಗಿದ್ದುವು. ಆದುದರಿಂದ ನಮ್ಮ ಬಾಲಿಕೆಯರು ಡಯೋಡು ಸುಟ್ಟು ಅತ್ತವರಲ್ಲಿ ಮೊದಲನೆಯವರೇನೂ ಅಲ್ಲ.

ಈ ವಸ್ತುವಿಗೆ ಒಂದು ಹೊಸ್ತಿಲುಂಟು. ನಮ್ಮ ಡಯೋಡಿನಲ್ಲಿ ವಿದ್ಯುತ್ಪ್ರವಾಹವು ಸುಮಾರು 20ರಿಂದ 25 ಮಿಲಿಯಾಂಪಿಯರನ್ನು ಮುಟ್ಟುವವರೆಗೆ ಅದು ಬರಿಯ ಮಂಕು ದೀಪ. ಆ ಹೊಸ್ತಿಲನ್ನು ದಾಟಿತೋ, ಒಮ್ಮೆಗೇ ಲೇಸರಾಗುವುದು. ಆದರೆ ಅಲ್ಲಿಂದ ಇನ್ನು ಸ್ವಲ್ಪವೇ ಮೇಲೆ ಹೋದರೆ ಅದರ ಆಯುಷ್ಯ ಮುಗಿಯಿತು. ಒಲೆಯ ಮೇಲಣ ಹಾಲು ಕಾಯುವವರೆಗೆ ಸುಮ್ಮನಿದ್ದು, ಉಕ್ಕುವಾಗ ತಿರುಗಿ ನೋಡುವಷ್ಟು ಸಮಯವನ್ನೂ ಕೊಡದಂತೆ ಇದರ ನಡತೆ. ಬೆಳಕು ಹೊರಡುವ ಮುಖವು ಕೆಲವೇ ಮೈಕ್ರೋಮೀಟರುಗಳಷ್ಟು ಅಗಲ, ಒಂದು ಮೈಕ್ರೋಮೀಟರಿನಷ್ಟು ಎತ್ತರ. 5 ಮಿಲಿವಾಟು ಅಲ್ಪವೆಂದು ತೋರಬಹುದು. ಆದರೆ ಅಷ್ಟು ಕಿರಿದಾದ ಬಾಗಿಲಿನಿಂದ ಹೊರಬೀಳುವ ಆ ಬೆಳಕಿನ ಸಾಂದ್ರತೆಯು ನಡುಮಧ್ಯಾಹ್ನದ ಬಿಸಿಲಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ಪ್ರವಾಹವು ಮಿತಿಮೀರಿದರೆ ಆ ಮುಖವೇ ತನ್ನ ಬೆಳಕನ್ನು ಹೀರಿ ಬಿಸಿಯಾಗುವುದು. ಬಿಸಿಯಾದಷ್ಟೂ ಹೆಚ್ಚು ಹೀರುವುದು. ಹೆಚ್ಚು ಹೀರಿದಷ್ಟೂ ಬಿಸಿಯಾಗುವುದು. ಕಣ್ಣೆವೆಯಿಕ್ಕುವುದಕ್ಕೆ ಮೊದಲೇ ಕರಗಿಹೋಗುವುದು. ಕನ್ನಡಿ ಹೋದ ಮೇಲೆ ಬೆಳಕು ಬೆಳೆಯುವ ಬಗೆ ಹೇಗೆ? ಹರಳಿನ ಉಳಿದ ಭಾಗವೇನೋ ನೆಟ್ಟಗಿರುವುದು. ಆದಕಾರಣ ಅದು ಪೂರ್ತಿ ಆರದೆ, ಹೊಸ್ತಿಲನ್ನು ದಾಟಲಾರದ ಮಂಕು ದೀಪವಾಗಿ ಉಳಿಯುವುದು.

ಬಾಲಿಕೆಯರಿಗೆ ತಬ್ಬಿಬ್ಬಾದುದು ಇಲ್ಲಿಯೇ. ಮಲ್ಟಿಮೀಟರಿನಲ್ಲಿ ನೋಡಿದರೆ ಸತ್ತ ಡಯೋಡಿನಲ್ಲಿಯೂ ಪ್ರವಾಹವು ಮೊದಲಿನಂತೆಯೇ ಹರಿಯುತ್ತಿತ್ತು. ಅದರ ಮೇಲಣ ವೋಲ್ಟೇಜು ಮೊದಲಿನಂತೆಯೇ 2 ವೋಲ್ಟುಗಳಿಗೆ ಸ್ವಲ್ಪ ಮೇಲೆ. "ಮೀಟರು ಸರಿಯೆನ್ನುತ್ತದಲ್ಲ, ಟೀಚರ್!" ಎಂದು ಹಿರಿಯಳು ಹೇಳಿದಳು. ಮೀಟರು ಸುಳ್ಳು ಹೇಳಲಿಲ್ಲ. ಅದು ವಿದ್ಯುತ್ತನ್ನು ಬಲ್ಲದು, ಕನ್ನಡಿಯನ್ನರಿಯದು.

ಹಾಗಾದರೆ ನಿಜವಾಗಿಯೂ ಸತ್ತಿದೆಯೆಂದು ತಿಳಿಯುವುದು ಹೇಗೆ? ಮೊದಲು ಅಲ್ಪಕಾರಣಗಳನ್ನು ಕಳೆಯಬೇಕು. ಬ್ಯಾಟರಿಯು ಇಳಿದುಹೋಗಿ ಪ್ರವಾಹವು ಹೊಸ್ತಿಲಿನ ಕೆಳಗೆ ನಿಂತಿದ್ದರೂ ಇದೇ ಮಂಕು ಬೆಳಕು ಬರುವುದು. ಆಗ ಡಯೋಡಿನ ತಪ್ಪೇನೂ ಇಲ್ಲ. ಬ್ಯಾಟರಿಯನ್ನು ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು, ಸುಮ್ಮನಿರುವಾಗ ಅಲ್ಲ. ಬೆಸುಗೆ ಬಿಟ್ಟಿರಬಹುದು; ಮಸೂರದ ಮೇಲೆ ಬೆರಳಿನ ಗುರುತಿರಬಹುದು. ಇವೆಲ್ಲವೂ ಸರಿಯಾಗಿದ್ದರೆ, ಮಸೂರವನ್ನು ಬಿಚ್ಚಿ, ಬೆಳಕನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ನೋಡಿರಿ. ಲೇಸರ್ ಬೆಳಕು ಕಾಗದದ ಮೇಲೆ ನುಣ್ಣಗಿರುವುದಿಲ್ಲ. ಸಣ್ಣ ರವೆಯನ್ನು ಚೆಲ್ಲಿದಂತೆ ಹೊಳೆಹೊಳೆಯುವ ಕಣಕಣವಾಗಿ ಕಾಣುವುದು. ತಲೆಯನ್ನು ಅಲುಗಿಸಿದರೆ ಆ ಕಣಗಳೂ ಅಲುಗುವುವು. ಅಲೆಗಳೆಲ್ಲವೂ ಹೆಜ್ಜೆಗೂಡಿ ಬರುವುದರಿಂದ ಉಂಟಾಗುವ ಲಕ್ಷಣವಿದು. ಕೂದಲಿನ ಗೆರೆಗಳಿಗೂ ಈ ಹೆಜ್ಜೆಗೂಡುವಿಕೆಯೇ ಆಧಾರ. ಸುಟ್ಟ ಡಯೋಡಿನ ಬೆಳಕು ಕುಂಕುಮವನ್ನು ನೀರಿನಲ್ಲಿ ಕದಡಿದಂತೆ ನುಣ್ಣಗೆ, ಕಣಗಳಿಲ್ಲದೆ ಬೀಳುವುದು. ಯಾವ ಮೀಟರೂ ಬೇಡವಾದ ಈ ಪರೀಕ್ಷೆಯು ನನಗೆ ಬಹಳ ಪ್ರಿಯವಾದುದು. ನಮ್ಮ ಎರಡು ಡಯೋಡುಗಳಲ್ಲಿಯೂ ಕಣಗಳಿರಲಿಲ್ಲ.

ಸತ್ತುದು ನಿಶ್ಚಯವಾಯಿತು. ಕೊಂದವರಾರು? ಇದನ್ನು ತಿಳಿಯದೆ ಮೂರನೆಯದನ್ನು ಪೆಟ್ಟಿಗೆಯಿಂದ ತೆಗೆಯಕೂಡದೆಂದು ನಾನು ಕಟ್ಟಪ್ಪಣೆ ಮಾಡಿದೆನು. ಯಾಕಂದರೆ ಮೊದಲನೆಯದನ್ನು ಕೊಂದುದು ಎರಡನೆಯದನ್ನೂ ಕೊಂದಿತ್ತು. ಅದು ಇನ್ನೂ ಅದೇ ಹಲಗೆಯ ಮೇಲೆ ಕುಳಿತಿತ್ತು.

ಡಯೋಡಿಗೆ ಬ್ಯಾಟರಿಯನ್ನು ನೇರವಾಗಿ ಕೊಡಲಾಗದು. ಬಿಸಿಯಾದಂತೆಲ್ಲ ಅದು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುವ ಸ್ವಭಾವದ್ದು. ಅದಕ್ಕೆ ಕಡಿವಾಣವಾಗಿ ಎಲ್‌ಎಂ 317 ಎಂಬ ಮೂರು ಕಾಲಿನ ನಿಯಂತ್ರಕವನ್ನು ಉಪಯೋಗಿಸಿದ್ದರು. ಇದು ತನ್ನ ಎರಡು ಕಾಲುಗಳ ನಡುವೆ ಯಾವಾಗಲೂ 1.25 ವೋಲ್ಟನ್ನು ಕಾಪಾಡಿಕೊಳ್ಳುವುದು. ಆ ಕಾಲುಗಳ ನಡುವೆ 39 ಓಮಿನ ರೆಸಿಸ್ಟರನ್ನು ಹಾಕಿದರೆ, 1.25ನ್ನು 39ರಿಂದ ಭಾಗಿಸಿ, 32 ಮಿಲಿಯಾಂಪಿಯರು ಮಾತ್ರ ಹರಿಯುವುದು. ಇಲ್ಲಿ ತಿರುಗುಗುಂಡಿಯ ರೆಸಿಸ್ಟರನ್ನೊಂದನ್ನೇ ಹಾಕುವವರುಂಟು. ಗುಂಡಿಯನ್ನು ಸೊನ್ನೆಯ ಕಡೆಗೆ ತಿರುಗಿಸಿದ ಕೂಡಲೆ ಕಡಿವಾಣವೇ ಕಳಚಿಹೋಗುವುದು. ಹಾಕಲೇಬೇಕಾದರೆ ಅದರ ಜೊತೆಗೆ ಸಾಲಾಗಿ ಒಂದು ಸ್ಥಿರವಾದ ರೆಸಿಸ್ಟರು ಬೇಕು. ನಮ್ಮವರು ಆ ತಪ್ಪನ್ನು ಮಾಡಿರಲಿಲ್ಲ.

ಜೀವದ ಡಯೋಡನ್ನು ಪಣಕ್ಕಿಡದೆ ನಿಯಂತ್ರಕವನ್ನು ಪರೀಕ್ಷಿಸಲು ಒಂದು ಬೊಂಬೆಯನ್ನು ಮಾಡಿದೆವು. ಸಾಧಾರಣ ಸಿಲಿಕಾನ್ ಡಯೋಡು ಒಂದೊಂದು ಸುಮಾರು 0.7 ವೋಲ್ಟನ್ನು ತಿನ್ನುವುದು. ಮೂರನ್ನು ಸಾಲಾಗಿಟ್ಟರೆ 2.1 ವೋಲ್ಟು. ಲೇಸರ್ ಡಯೋಡಿಗೆ ಇದು ಬಹುಮಟ್ಟಿಗೆ ಸಮಾನ. ಅದರೊಡನೆ 1 ಓಮಿನ ರೆಸಿಸ್ಟರನ್ನು ಸೇರಿಸಿದರೆ, ಅದರ ಮೇಲೆ ಎಷ್ಟು ಮಿಲಿವೋಲ್ಟು ಕಾಣುವುದೋ ಅಷ್ಟೇ ಮಿಲಿಯಾಂಪಿಯರು ಹರಿಯುತ್ತಿದೆಯೆಂದರ್ಥ. ಮೀಟರು 32 ಎಂದು ತೋರಿಸಿತು. ಐದು ನಿಮಿಷ ಕಾದೆವು, 32. ಬ್ಯಾಟರಿಯನ್ನು ಬದಲಾಯಿಸಿದೆವು, 32. ಅಪರಾಧಿಯೆಂದೆಣಿಸಿದ್ದವನು ನಿರಪರಾಧಿಯಂತೆ ನಿಂತನು.

ಇಲ್ಲಿ ನನ್ನಿಂದ ಒಂದು ದಿನ ವ್ಯರ್ಥವಾಯಿತೆಂದು ಒಪ್ಪಿಕೊಳ್ಳಬೇಕು. ಧನ, ಋಣ ಕಾಲುಗಳು ತಿರುಗುಮುರುಗಾಗಿರಲಿಲ್ಲ. ಹಿತ್ತಾಳೆಯ ಕವಚವು ಕೈಗೆ ತಣ್ಣಗೇ ಇದ್ದಿತು, ಬಿಸಿಯ ಮಾತಿಲ್ಲ. ಉಳಿದುದು ಸ್ಥಿರವಿದ್ಯುತ್ತೊಂದೇ ಎಂದು ನಾನು ತೀರ್ಮಾನಿಸಿಬಿಟ್ಟೆನು. ಒಣಹವೆಯ ಫೆಬ್ರವರಿ, ಇಬ್ಬರೂ ಧರಿಸಿದ್ದುದು ಪಾಲಿಯೆಸ್ಟರ್ ಬಟ್ಟೆ. ಮೈಮೇಲೆ ಕೂಡಿದ ವಿದ್ಯುತ್ತು 3,000 ವೋಲ್ಟಿಗಿಂತ ಕಡಮೆಯಿದ್ದರೆ ನಮ್ಮ ಚರ್ಮಕ್ಕೆ ತಿಳಿಯುವುದೇ ಇಲ್ಲವೆಂದೂ, ಅದರ ಎಷ್ಟೋ ಕಡಮೆಯೇ ಡಯೋಡಿಗೆ ಪ್ರಾಣಾಂತಿಕವೆಂದೂ ವಿಸ್ತಾರವಾಗಿ ಉಪನ್ಯಾಸ ಮಾಡಿದೆನು. ಬೆಸೆಯುವವರೆಗೆ ಮೂರು ಕಾಲುಗಳಿಗೂ ತೆಳುವಾದ ತಾಮ್ರದ ತಂತಿಯನ್ನು ಸುತ್ತಿಟ್ಟಿರಬೇಕು, ಭೂಮಿಗೆ ಕೂಡಿಸಿದ ಲೋಹವನ್ನು ಮುಟ್ಟಿ ಕೈಹಚ್ಚಬೇಕು, ಬೆಸುಗೆಯ ಕಡ್ಡಿಯ ತುದಿಯೂ ಭೂಮಿಗೆ ಕೂಡಿರಬೇಕು ಎಂದೆನು. ಇವೆಲ್ಲವೂ ಮಾಡತಕ್ಕವುಗಳೇ. ಆದರೆ ನಮ್ಮ ಕೊಲೆಗಾರನು ಇದಾಗಿರಲಿಲ್ಲ. ಸ್ಥಿರವಿದ್ಯುತ್ತು ಕೊಂದಿದ್ದರೆ, ಮೊದಲನೆಯದು ಎರಡು ದಿವಸ ಉರಿದು, ಯಾರೂ ಅದನ್ನು ಮುಟ್ಟದಿದ್ದಾಗ ಏಕೆ ಸಾಯಬೇಕಾಗಿತ್ತೆಂದು ನಾನು ಕೇಳಿಕೊಳ್ಳಲೇ ಇಲ್ಲ.

ಗುಟ್ಟನ್ನು ಒಡೆದವಳು ಕಿರಿಯಳು. ಮರುದಿನ ಸಾಯಂಕಾಲ ಸಾಮಾನುಗಳನ್ನು ಎತ್ತಿಡುವಾಗ ಬೊಂಬೆಯನ್ನು ಮೊದಲು ಕಳಚಿ, ಬ್ಯಾಟರಿಯನ್ನು ಆಮೇಲೆ ತೆಗೆದಳು. ಮೀಟರಿನ ಕಡ್ಡಿಗಳು ಹೊರತುದಿಯ ಕ್ಲಿಪ್ಪುಗಳಿಗೆ ಸಿಕ್ಕಿಕೊಂಡೇ ಇದ್ದುವು.

"ಅಕ್ಕಾ, ಬ್ಯಾಟರಿ ತೆಗೆದೆನಲ್ಲ; ಇದೇಕೆ ಇನ್ನೂ ಏಳು ತೋರಿಸುತ್ತಿದೆ?" ಎಂದಳು.

ಮೀಟರಿನಲ್ಲಿ 7 ವೋಲ್ಟಿಗೂ ಮೇಲಿದ್ದ ಅಂಕಿಯು ಬಹು ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಹಲಗೆಯ ಹೊರತುದಿಯಲ್ಲಿ 47 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರು ಕುಳಿತಿತ್ತು. ಪ್ರವಾಹದ ಏರುಪೇರುಗಳನ್ನು ಸಮಮಾಡಲೆಂದು ಹಿರಿಯಳು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಹಾಕಿದ್ದಳು. ಹಾಕುವುದು ಕ್ರಮವೂ ಹೌದು. ಡಯೋಡು ಕೂಡಿಕೊಂಡಿರುವವರೆಗೆ ಕೆಪಾಸಿಟರಿನಲ್ಲಿ 2 ವೋಲ್ಟಿಗೆ ಸ್ವಲ್ಪ ಮೇಲೆ ಮಾತ್ರ ಇರುವುದು. ಆದರೆ ಡಯೋಡು ಕಳಚಿತೆಂದರೆ, ನಿಯಂತ್ರಕವು ತನ್ನ 32 ಮಿಲಿಯಾಂಪಿಯರನ್ನು ಹೇಗಾದರೂ ಹರಿಸಬೇಕೆಂದು ವೋಲ್ಟೇಜನ್ನು ಏರಿಸುತ್ತ ಹೋಗುವುದು. ಕ್ಷಣಾರ್ಧದಲ್ಲಿ ಕೆಪಾಸಿಟರು 7 ವೋಲ್ಟಿನವರೆಗೆ ತುಂಬಿಕೊಳ್ಳುವುದು. ಮತ್ತೆ ಡಯೋಡು ತಗಲಿದಾಗ ಆ ತುಂಬಿದ ಕೊಡವು ಒಮ್ಮೆಗೇ ಅದರ ಮೇಲೆ ಬರಿದಾಗುವುದು. ಆ ಹರಿವಿಗೆ ಎಲ್‌ಎಂ 317ರ ಕಡಿವಾಣವಿಲ್ಲ. ಕೆಪಾಸಿಟರು ನಿಯಂತ್ರಕದ ಆಚೆಗಿದೆಯಲ್ಲವೆ! ನಿಂತ ನೀರನ್ನು ಅಳೆದ ನಮ್ಮ 32ರ ಲೆಕ್ಕವು ಸರಿಯೇ. ಕೊಂದುದು ಕೂಡುವ ಕ್ಷಣದ ಪ್ರವಾಹ.

ಹಾಗಾದರೆ ಮೊದಲನೆಯದು ಎರಡು ದಿವಸ ಬದುಕಿದುದೇಕೆ? ಅದನ್ನು ಬ್ಯಾಟರಿ ಹಾಕುವುದಕ್ಕೆ ಮೊದಲೇ ಜೋಡಿಸಿದ್ದರು. ಮೂರನೆಯ ದಿನ ಕ್ರೊಕೊಡೈಲ್ ಕ್ಲಿಪ್ಪಿನ ಹಲ್ಲು ಜಾರಿ, ಬಿಟ್ಟು, ಮತ್ತೆ ಕಚ್ಚಿರಬೇಕು. ಮೇಜನ್ನು ಯಾರೋ ತಾಕಿದ್ದರೆಂದು ಹಿರಿಯಳಿಗೆ ಆಗ ನೆನಪಾಯಿತು. ಎರಡನೆಯದನ್ನು, ಬ್ಯಾಟರಿ ಇದ್ದಂತೆಯೇ, ಕ್ಲಿಪ್ಪಿಗೆ ಕಚ್ಚಿಸಿದ್ದರು. ಆ ಫಕ್ಕನೆ ಬೆಳಗಿದುದೇ ಅದರ ಕಡೆಯುಸಿರು.

ಊಹೆಯನ್ನು ನಂಬಿ ಒಮ್ಮೆ ಮೋಸಹೋದ ನಾನು ಈ ಸಲ ಪ್ರಮಾಣವನ್ನು ಕೇಳಿದೆನು. ಮೇಜಿನ ಸೆಳೆಖಾನೆಯಲ್ಲಿದ್ದ ಸಾಧಾರಣ ಕೆಂಪು ಎಲ್‌ಇಡಿಯೊಂದನ್ನು ತುಂಬಿದ ಕ್ಲಿಪ್ಪುಗಳಿಗೆ ಮುಟ್ಟಿಸಿದೆವು. ಅದು ಮಿಂಚಿನಂತೆ ಹೊಳೆದು, ಆಮೇಲೆ ತನ್ನ ಸಹಜವಾದ ಬೆಳಕಿಗೆ ಇಳಿಯಿತು. ಕೆಪಾಸಿಟರನ್ನು ತೆಗೆದು ಮುಟ್ಟಿಸಿದೆವು, ಮಿಂಚಿಲ್ಲ. ಹತ್ತು ಸಲ ಹೀಗೆ, ಹತ್ತು ಸಲ ಹಾಗೆ. ಎಲ್‌ಇಡಿಯು ಗಟ್ಟಿಜೀವ, ಅದಕ್ಕೆ ಕರಗುವ ಕನ್ನಡಿಗಳಿಲ್ಲವಾದ ಕಾರಣ ಎಲ್ಲವನ್ನೂ ಸಹಿಸಿತು.

ಪರಿಹಾರಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕ್ಲಿಪ್ಪುಗಳನ್ನು ಕಿತ್ತುಹಾಕಿದೆವು. ಕೆಪಾಸಿಟರಿನ ಎರಡು ಕಾಲುಗಳನ್ನು ಒಂದು ರೆಸಿಸ್ಟರಿನಿಂದ ಮುಟ್ಟಿಸಿ ಪೂರ್ತಿ ಬರಿದುಮಾಡಿ, ಅದನ್ನು ಹಲಗೆಯ ಬದಲಾಗಿ ಡಯೋಡಿನ ಕಾಲುಗಳಿಗೇ ಬೆಸೆದೆವು. ಇನ್ನು ತಂತಿಯು ಎಲ್ಲಿ ಕಡಿದರೂ ಅವೆರಡೂ ಜೊತೆಯಾಗಿಯೇ ಇರುವುವು. ತುಂಬಿಕೊಂಡು ಹೊಂಚುವುದಕ್ಕೆ ಅದಕ್ಕೆ ಎಡೆಯಿಲ್ಲ. ಸ್ವಿಚ್ಚನ್ನು ಡಯೋಡಿನ ಬಳಿಯಿಂದ ತೆಗೆದು ಬ್ಯಾಟರಿಯ ಕಡೆಗಿಟ್ಟೆವು. ಬೆಸುಗೆಯನ್ನು ಹಿರಿಯಳು ಹಾಕಿದಳು, ಒಂದೊಂದು ಕಾಲಿಗೆ ಮೂರು ಸೆಕೆಂಡು ಮೀರದಂತೆ. ಕಿರಿಯಳು ಬಾಯಿಂದ ಎಣಿಸುತ್ತಿದ್ದಳು. ತಾಮ್ರದ ತಂತಿಯನ್ನು ಕಡೆಯಲ್ಲಿ ಬಿಚ್ಚಿ, ಸ್ವಿಚ್ಚು ಹಾಕಿದಾಗ ಕಾಗದದ ಮೇಲೆ ರವೆ ಚೆಲ್ಲಿದಂತೆ ಕಣಗಳು ಹೊಳೆದುವು.

ಪ್ರದರ್ಶನದ ದಿನ ಕಿರಣದ ದಾರಿಯನ್ನು ರಟ್ಟಿನ ಕೊಳವೆಯಿಂದ ಮುಚ್ಚಿ, ಯಾರ ಕಣ್ಣಿಗೂ ಎಟುಕದಂತೆ ಗೋಡೆಯ ಕಡೆಗೆ ತಿರುಗಿಸಿಟ್ಟು, ಬೆಳಗ್ಗಿನಿಂದ ಸಂಜೆಯವರೆಗೆ ಬಂದವರ ಕೂದಲನ್ನು ಅಳೆದರು. ನನ್ನದು 65 ಮೈಕ್ರೋಮೀಟರು ಬಂದಿತು. ಮೇಜಿನ ಮೂಲೆಯಲ್ಲಿ ಒಂದು ಬಿಳಿಯ ರಟ್ಟಿಗೆ ಸತ್ತ ಎರಡು ಡಯೋಡುಗಳನ್ನೂ ಅಂಟಿಸಿ, ಪ್ರತಿಯೊಂದರ ಕೆಳಗೆ ಮರಣದ ಕಾರಣವನ್ನು ಕಿರಿಯಳು ದುಂಡಾದ ಅಕ್ಷರಗಳಲ್ಲಿ ಬರೆದಿದ್ದಳು: "ಕ್ಲಿಪ್ಪು ಜಾರಿದುದು", "ತುಂಬಿದ ಕೆಪಾಸಿಟರಿಗೆ ಜೋಡಿಸಿದುದು." ಅದರ ಕೆಳಗೆ ಸಣ್ಣಕ್ಷರದಲ್ಲಿ ಮತ್ತೊಂದು ಸಾಲಿತ್ತು: "ಟೀಚರ್ ಹೇಳಿದ ಕಾರಣ, ಪಾಲಿಯೆಸ್ಟರ್ ಬಟ್ಟೆ: ತಪ್ಪು." ಆ ರಟ್ಟು ಈಗಲೂ ವಿಜ್ಞಾನದ ಕೋಣೆಯ ಬೀರುವಿನಲ್ಲಿದೆ, ಆ ಸಾಲನ್ನು ಅಳಿಸಲು ನಾನು ಹೇಳಲಿಲ್ಲ.